ಹುರಿ ಹಾಕಿದ ದಾರಕ್ಕೆ ಜೀವ ಇದೆ: ಬಟ್ಟೆಯ ಸ್ನಾಯುಗಳೂ ನಮ್ಮ ಶಿಡ್ಲಘಟ್ಟವೂ

ಶಿಡ್ಲಘಟ್ಟದಲ್ಲಿ ನಮ್ಮ ಮಾವನದೊಂದು ಹುರಿ ಮಿಷನ್ ಶೆಡ್ ಇದೆ, ರೇಷ್ಮೆ ಎಳೆಗೆ ಹುರಿ ಹಾಕುವ, ಅಂದರೆ ತಿರುಚುವ ಜಾಗ. ಬೇಸಿಗೆ ರಜೆಗೆ ಹೋದಾಗೆಲ್ಲ ನಮ್ಮ ಆಟ ಅಲ್ಲೇ. ಒಂದು ಸಲ ಆಗ ತಾನೇ ಹುರಿ ಆದ ರೇಷ್ಮೆ ಎಳೆಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಕೈಗಳನ್ನು ಸ್ವಲ್ಪ ಹತ್ತಿರ ತಂದೆ ಅಷ್ಟೆ, ಎಳೆ ನಡುವಿನಲ್ಲಿ ತನ್ನ ಮೇಲೆ ತಾನೇ ಸುತ್ತಿಕೊಂಡು ಜಡೆಯ ಹಾಗೆ ಮುದುರಿಬಿಟ್ಟಿತು. "ಬಿಗಿ ಬಿಡಬೇಡ ಕಣೋ, ಅದಕ್ಕೆ ಜೀವ ಇರ್ತದೆ, ಸುತ್ಕೊಂಬಿಡ್ತದೆ" ಅಂದರು ಮಾವ.

ಆ "ಜೀವ" ಏನು ಅನ್ನುವುದರ ಮೇಲೆ ಈಗ ಅಮೆರಿಕ, ಚೀನಾ, ಸ್ವೀಡನ್, ಆಸ್ಟ್ರೇಲಿಯಾದ ಲ್ಯಾಬ್‌ಗಳಲ್ಲಿ ಜೋರಾಗಿ ಕೆಲಸ ನಡೆಯುತ್ತಿದೆ. ದಾರದಿಂದ ಸ್ನಾಯು ಮಾಡುವುದು, ಬಟ್ಟೆಯಿಂದ ಸ್ನಾಯು ಮಾಡುವುದು. ಮೋಟಾರು, ಗೇರು ಏನೂ ಇಲ್ಲದೆ, ಕಾವು ಕೊಟ್ಟರೆ, ಗಾಳಿ ತುಂಬಿದರೆ, ತೇವ ತಾಗಿದರೆ ಅಥವಾ ಕರೆಂಟ್ ಹರಿಸಿದರೆ ತಾನೇ ಕುಗ್ಗಿ ಮತ್ತೆ ಹಿಗ್ಗುವ ಮೆತ್ತನೆಯ ವಸ್ತು. ಸಾಫ್ಟ್ ಆಕ್ಚುಯೇಟರ್ ಅಂತ ಇದನ್ನು ಕರೆಯುತ್ತಾರೆ. ಸುದ್ದಿಯಲ್ಲಿ "ಮನುಷ್ಯನ ಸ್ನಾಯುಗಿಂತ ನೂರು ಪಟ್ಟು ಬಲ" ಅಂತ ತಲೆಬರಹ ಬರುತ್ತದೆ, ನಾವು ಓದಿ ಮುಂದೆ ಹೋಗುತ್ತೇವೆ. ಆದರೆ ಇದು ಬೇರೆ ಯಾವುದೋ ಲೋಕದ ವಿದ್ಯೆ ಅಲ್ಲ. ಇದರ ಮುಕ್ಕಾಲು ಪಾಲು ಹುರಿ, ನೇಯ್ಗೆ, ಹೆಣಿಗೆ. ಅದು ಗೊತ್ತಿರುವ ಜನ ನಮ್ಮ ಬೀದಿಯಲ್ಲೇ ಇದ್ದಾರೆ, ಅವರನ್ನು ಯಾರೂ ಕೇಳುತ್ತಿಲ್ಲ. ನನಗೆ ಹೇಳಬೇಕಾಗಿರುವುದು ಇದೇ.

ಮೊದಲು ದಾರದ ಕಥೆ. 2014ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕ್ಯಾಂಪಸ್ಸಿನ ರೇ ಬಾಮನ್ ಅವರ ತಂಡ "ಸೈನ್ಸ್" ಪತ್ರಿಕೆಯಲ್ಲಿ ಒಂದು ಲೇಖನ ಬರೆಯಿತು. ಅವರು ಬಳಸಿದ್ದು ಯಾವ ಅಪರೂಪದ ವಸ್ತುವನ್ನೂ ಅಲ್ಲ. ಮೀನು ಹಿಡಿಯುವ ಗಾಳದ ದಾರ ಮತ್ತು ಹೊಲಿಗೆ ದಾರ. ಆ ನೈಲಾನ್ ದಾರಕ್ಕೆ ಹುರಿ ಹಾಕುತ್ತಾ ಹೋದರು, ಹುರಿ ಜಾಸ್ತಿಯಾಗಿ ಅದು ತಾನೇ ಸ್ಪ್ರಿಂಗ್ ಹಾಗೆ ಸುರುಳಿ ಆಗುವ ತನಕ. ಆ ಸುರುಳಿಗೆ ಕಾವು ಕೊಟ್ಟರೆ ಉದ್ದದಲ್ಲಿ 49% ತನಕ ಕುಗ್ಗುತ್ತದೆ. ಅಷ್ಟೇ ಉದ್ದ, ಅಷ್ಟೇ ತೂಕದ ಮನುಷ್ಯನ ಸ್ನಾಯು ಎತ್ತುವ ಭಾರದ ನೂರು ಪಟ್ಟು ಎತ್ತುತ್ತದೆ. ಒಂದು ಕಿಲೋ ದಾರಕ್ಕೆ ಲೆಕ್ಕ ಹಾಕಿದರೆ 5.3 ಕಿಲೋವ್ಯಾಟ್ ಶಕ್ತಿ, ಜೆಟ್ ಎಂಜಿನ್‌ಗೆ ಹೋಲಿಸಬಹುದಾದಷ್ಟು.

ಹೇಗೆ? ನೈಲಾನ್ ಎಳೆಯೊಳಗೆ ಅಣುಗಳ ಉದ್ದುದ್ದ ಸರಪಳಿಗಳು ಒಂದೇ ದಿಕ್ಕಿಗೆ ಎಳೆದು ಮಲಗಿಸಿದ ಹಾಗೆ ಇರುತ್ತವೆ. ಕಾವು ತಾಗಿದರೆ ಆ ಸರಪಳಿಗಳು ಅಲ್ಲಾಡಲು ಶುರು ಮಾಡಿ ಉದ್ದದಲ್ಲಿ ಕುಗ್ಗುತ್ತವೆ, ದಪ್ಪದಲ್ಲಿ ಹಿಗ್ಗುತ್ತವೆ. ಉದ್ದದ ಕುಗ್ಗುವಿಕೆ ತುಂಬಾ ಕಡಿಮೆ, ನೂರಕ್ಕೆ ನಾಲ್ಕರ ಆಸುಪಾಸು, ಅದರಿಂದ ಏನೂ ಎತ್ತಲಾಗುವುದಿಲ್ಲ. ಆದರೆ ಅದೇ ಎಳೆಗೆ ಹುರಿ ಇದ್ದರೆ ಕಥೆ ಬದಲಾಗುತ್ತದೆ. ದಪ್ಪ ಆಗುವ ಎಳೆ ಹುರಿಯನ್ನು ಬಿಚ್ಚಲು ನೋಡುತ್ತದೆ. ಬಿಚ್ಚಲು ಬಿಡದೆ ತುದಿಗಳನ್ನು ಕಟ್ಟಿ ಹಾಕಿದರೆ ಆ ತಿರುಚುವ ಬಲವೆಲ್ಲ ಸುರುಳಿಗಳನ್ನು ಒಂದಕ್ಕೊಂದು ಹತ್ತಿರ ಎಳೆಯುವುದಕ್ಕೆ ತಿರುಗುತ್ತದೆ. ಅಂದರೆ ಕಣ್ಣಿಗೆ ಕಾಣದ ಚಿಕ್ಕ ಹಿಗ್ಗುವಿಕೆಯನ್ನು ಹುರಿ ಅನ್ನುವುದು ಕಣ್ಣಿಗೆ ಕಾಣುವ ದೊಡ್ಡ ಎಳೆತವಾಗಿ ಬದಲಿಸಿಕೊಡುತ್ತದೆ. ಬುದ್ಧಿವಂತಿಕೆ ಇರುವುದು ನೈಲಾನ್‌ನಲ್ಲಿ ಅಲ್ಲ, ಹುರಿಯಲ್ಲಿ.

ಇದು ನಮಗೆ ಹೊಸದಾ? ಮಳೆಯಲ್ಲಿ ನೆನೆದ ದನದ ಹಗ್ಗದ ಗಂಟು ಬಿಚ್ಚಲು ಯಾರಾದರೂ ಪ್ರಯತ್ನ ಪಟ್ಟಿದ್ದೀರಾ? ಉಗುರು ಕಿತ್ತುಬರುತ್ತದೆ, ಗಂಟು ಬಿಚ್ಚುವುದಿಲ್ಲ. ನಾರು ನೀರು ಕುಡಿದು ದಪ್ಪ ಆಗುತ್ತದೆ, ಹೊಸೆದ ಹಗ್ಗ ಉದ್ದದಲ್ಲಿ ಕುಗ್ಗಿ ಬಿಗಿದುಕೊಳ್ಳುತ್ತದೆ. ನೈಲಾನ್ ಸುರುಳಿಯಲ್ಲಿ ಕಾವು ಮಾಡುವ ಕೆಲಸವನ್ನು ಇಲ್ಲಿ ನೀರು ಮಾಡುತ್ತದೆ.

ರೇಷ್ಮೆಯಲ್ಲಿ ಇದು ಇನ್ನೂ ಸೊಗಸಾಗಿದೆ. ಕ್ರೇಪ್ ಸೀರೆ ಗೊತ್ತಲ್ವಾ, ಮೈಸೂರು ಸಿಲ್ಕ್ ಸೀರೆಯ ಆ ಸಣ್ಣ ತರಿ ತರಿ ಮೈ. ಅದಕ್ಕೆ ಬಳಸುವ ಹೊಕ್ಕಿನ ನೂಲಿಗೆ ಮೀಟರಿಗೆ 2,000ಕ್ಕೂ ಜಾಸ್ತಿ ಸುತ್ತು ಹುರಿ ಇರುತ್ತದೆ, ಎಡಹುರಿಯದು, ಬಲಹುರಿಯದು ಅಂತ ಸರದಿಯಲ್ಲಿ ಹಾಕುತ್ತಾರೆ. ನೇಯುವಾಗ ಬಟ್ಟೆ ನುಣ್ಣಗೆ ಇರುತ್ತದೆ. ಆಮೇಲೆ ಸೋಪಿನ ನೀರಿನಲ್ಲಿ ಕುದಿಸಿ ಎಳೆಯ ಮೇಲಿನ ಅಂಟು ತೆಗೆದಾಗ ಒಳಗೆ ಕೂಡಿಟ್ಟ ಹುರಿಗೆ ಬಿಡುಗಡೆ ಸಿಗುತ್ತದೆ, ನೂಲು ಮುದುರುತ್ತದೆ, ಬಟ್ಟೆ ಕುಗ್ಗುತ್ತದೆ, ಆ ತರಿ ಏಳುತ್ತದೆ. ಒಂದೇ ಒಂದು ಸಲ ಕೆಲಸ ಮಾಡಿ ನಿಂತುಬಿಡುವ ಸ್ನಾಯು ಅದು. ಅದನ್ನೇ ಮತ್ತೆ ಮತ್ತೆ ಕೆಲಸ ಮಾಡುವ ಹಾಗೆ ಮಾಡಿದರೆ?

2019ರಲ್ಲಿ ಅದನ್ನೇ ಮಾಡಿದರು. ಚೀನಾದ ನಾನ್‌ಕಾಯ್ ವಿಶ್ವವಿದ್ಯಾಲಯದವರೂ ಡಲ್ಲಾಸ್‌ನ ಅದೇ ಬಾಮನ್ ತಂಡದವರೂ ಸೇರಿ ರೇಷ್ಮೆ ನೂಲಿನಿಂದ ಸ್ನಾಯು ಮಾಡಿದರು. ಹುರಿ ಹಾಕಿದ ನೂಲನ್ನು ಜೋಡಿ ಮಾಡಿ, ಒಂದರ ತಿರುವು ಇನ್ನೊಂದರ ತಿರುವನ್ನು ಸರಿದೂಗಿಸುವ ಹಾಗೆ ಕೂರಿಸಿದರೆ ಅದು ತಾನಾಗಿ ಬಿಚ್ಚುವುದಿಲ್ಲ. ನೀರಿನ ಮಂಜು ತಾಗಿಸಿದರೆ ಒಂದು ಮಿಲಿಮೀಟರ್ ಉದ್ದಕ್ಕೆ 547 ಡಿಗ್ರಿ, ಅಂದರೆ ಒಂದೂವರೆ ಸುತ್ತು ತಿರುಗುತ್ತದೆ, ಒಣಗಿದರೆ ವಾಪಸ್. ಸುರುಳಿ ಮಾಡಿ ಕಾವಿನಲ್ಲಿ ಕೂರಿಸಿದ ನೂಲು ಗಾಳಿಯ ತೇವಾಂಶ 20%ನಿಂದ 80%ಗೆ ಏರಿದಾಗ 70% ಕುಗ್ಗುತ್ತದೆ. ಬ್ಯಾಟರಿ ಇಲ್ಲ, ವೈರು ಇಲ್ಲ, ಮೈ ಬೆವರಿದರೆ ತಾನೇ ಮೇಲೆ ಸರಿಯುವ ತೋಳಿನ ಅಂಗಿಯನ್ನು ಇಂಥ ನೂಲಿನಿಂದ ಕಲ್ಪಿಸಿಕೊಳ್ಳಬಹುದು.

ಈ ಲೆಕ್ಕ ಓದಿದ ದಿನ ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ರಾಜ್ಯದ ದೊಡ್ಡ ರೇಷ್ಮೆ ಗೂಡಿನ ಮಾರುಕಟ್ಟೆಗಳಲ್ಲಿ ನಮ್ಮ ಶಿಡ್ಲಘಟ್ಟದ್ದೊಂದು. ಬೆಳಗಾದರೆ ಜಾಲರಿಗಳ ತುಂಬ ಗೂಡು. ದ್ವಿತಳಿ ಅನ್ನುವ ಜಾತಿಯ ಒಂದು ಒಳ್ಳೆ ಗೂಡಿನಲ್ಲಿ ಸುಮಾರು 1,000 ಮೀಟರ್ ಎಳೆ ಸಿಗುತ್ತದೆ, ಅದನ್ನು ಬಿಚ್ಚುವವರು, ಹುರಿ ಹಾಕುವವರು ಎಲ್ಲಾ ಇಲ್ಲೇ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅಂತಾರಲ್ಲ, ಹಾಗಾಯಿತು.

ಆದರೆ ಖುಷಿಯ ಭರದಲ್ಲಿ ಸುಳ್ಳು ಹೇಳಬಾರದು. ದಾರದ ಸ್ನಾಯುಗೆ ದೊಡ್ಡ ದೊಡ್ಡ ತೊಂದರೆಗಳಿವೆ. ಆ "ನೂರು ಪಟ್ಟು ಬಲ" ಅನ್ನುವ ಮಾತು ಸರಿ, ಆದರೆ ಅದು ತೂಕದ ಲೆಕ್ಕ ಮಾತ್ರ. ಕೊಟ್ಟ ಶಕ್ತಿಯಲ್ಲಿ ಎಷ್ಟು ಕೆಲಸವಾಗಿ ಬರುತ್ತದೆ ಅಂತ ಕೇಳಿದರೆ ನೈಲಾನ್ ಸುರುಳಿಯಲ್ಲಿ 1%ನ ಆಸುಪಾಸು. ನಮ್ಮ ಮೈಯ ಸ್ನಾಯು 20%ಕ್ಕೂ ಮೇಲೆ ಕೊಡುತ್ತದೆ. ನೈಲಾನ್‌ನಲ್ಲಿ ಉಳಿದ 99% ಬಿಸಿಯಾಗಿ ಹೋಗುತ್ತದೆ, ಆ ಬಿಸಿ ಮೈಗೆ ತಾಗುವ ಬಟ್ಟೆಯಲ್ಲಿ ಇರುತ್ತದೆ ಅನ್ನುವುದನ್ನೂ ಮರೆಯಬಾರದು. ಕಾವು ಕೊಡುವುದು ಬೇಗ ಆಗುತ್ತದೆ, ಆರುವುದು ನಿಧಾನ. ಆರದೆ ಸ್ನಾಯು ಹಿಗ್ಗುವುದಿಲ್ಲ, ಹಿಗ್ಗದೆ ಇನ್ನೊಂದು ಸಲ ಎಳೆಯುವುದಿಲ್ಲ. ರೇಷ್ಮೆಯದು ಬೇರೆ ಪಾಡು. ತೇವಕ್ಕೆ ಕುಗ್ಗುವ ಬಟ್ಟೆಗೆ ಬೆವರು ಯಾವುದು, ಸೋನೆ ಮಳೆ ಯಾವುದು ಅಂತ ಗೊತ್ತಾಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಒಂದು ಅಳತೆ, ಆಗಸ್ಟಿನಲ್ಲಿ ಇನ್ನೊಂದು.

ಅದಕ್ಕೇ ರೋಗಿಗಳ ಮೈಮೇಲೆ ಈಗಾಗಲೇ ಪರೀಕ್ಷೆಗೆ ಬಂದಿರುವುದು ಕಾವಿನ ದಾರ ಅಲ್ಲ, ಗಾಳಿ ತುಂಬುವ ಬಟ್ಟೆ. ಇದರ ಮೂಲ 1950ರ ದಶಕದ್ದು. ಜೋಸೆಫ್ ಮೆಕಿಬ್ಬನ್ ಅನ್ನುವ ಅಮೆರಿಕದ ಭೌತವಿಜ್ಞಾನಿಯ ಮಗಳಿಗೆ ಪೋಲಿಯೋದಿಂದ ಕೈ ಸ್ವಾಧೀನ ತಪ್ಪಿತ್ತು. ಆಕೆಯ ಬೆರಳು ಆಡಿಸುವುದಕ್ಕಾಗಿ ಆತ ರಬ್ಬರ್ ಕೊಳವೆಯ ಮೇಲೆ ಜಡೆ ಹೆಣೆದಂತೆ ಓರೆಯಾಗಿ ಹೆಣೆದ ದಾರದ ತೋಳು ಹಾಕಿದ. ಒಳಗೆ ಗಾಳಿ ತುಂಬಿದರೆ ಕೊಳವೆ ಅಡ್ಡಕ್ಕೆ ಉಬ್ಬುತ್ತದೆ, ಹೆಣೆದ ದಾರ ಹಿಗ್ಗುವುದಿಲ್ಲವಾದ್ದರಿಂದ ಇಡೀ ಕೊಳವೆ ಉದ್ದದಲ್ಲಿ ಕುಗ್ಗಿ ಎಳೆಯುತ್ತದೆ. ಎಲ್ಲಾ ಆಟ ದಾರದ ಓರೆಯಲ್ಲಿದೆ. ಉಬ್ಬುತ್ತಾ ಉಬ್ಬುತ್ತಾ ದಾರದ ಓರೆ 54.7 ಡಿಗ್ರಿ ಮುಟ್ಟಿದಾಗ ಕುಗ್ಗುವುದು ನಿಲ್ಲುತ್ತದೆ, ಆಮೇಲೆ ಎಷ್ಟು ಗಾಳಿ ತುಂಬಿದರೂ ಅಷ್ಟೆ.

ಈ ಓರೆಯ ಗುಟ್ಟು ಬ್ಲೌಸ್ ಹೊಲಿಯುವ ಯಾರಿಗೆ ಗೊತ್ತಿಲ್ಲ ಹೇಳಿ. ಕ್ರಾಸ್ ಕಟಿಂಗ್ ಅಂತ ಯಾಕೆ ಮಾಡುತ್ತಾರೆ? ಹಾಸಿನ ಉದ್ದಕ್ಕೆ ಎಳೆದರೆ ಬಟ್ಟೆ ಬಗ್ಗುವುದಿಲ್ಲ, ಹೊಕ್ಕಿನ ಕಡೆ ಎಳೆದರೂ ಅಷ್ಟೇ, ಓರೆಯಾಗಿ ಎಳೆದರೆ ಮಾತ್ರ ಹಿಗ್ಗಿ ಮೈಗೆ ಕೂರುತ್ತದೆ. ಒಂದೇ ಬಟ್ಟೆಗೆ ಒಂದೊಂದು ದಿಕ್ಕಿನಲ್ಲಿ ಒಂದೊಂದು ಗುಣ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನರ್ ವಾಲ್ಶ್ ಅವರ ತಂಡ ಇದೇ ಗುಣವನ್ನು ಹಿಡಿದುಕೊಂಡು ಕೆಲಸ ಮಾಡಿದೆ. 2015ರಲ್ಲಿ ಅವರು ತೋರಿಸಿದ ಕೈಗವಸಿನಲ್ಲಿ ದಾರ ಸುತ್ತಿದ ಮೆತ್ತನೆ ರಬ್ಬರ್ ಕೊಳವೆಗಳಿದ್ದವು. 2018ರ ಹೊತ್ತಿಗೆ ರಬ್ಬರನ್ನು ಅಚ್ಚು ಹಾಕುವುದು ಬಿಟ್ಟು ಬಟ್ಟೆಯ ಗುಣದಿಂದಲೇ ಬಾಗುವ ಚೀಲಗಳನ್ನು ಮಾಡಿ ತೋರಿಸಿದರು. ಉಪಾಯ ಸರಳ. ಒಂದು ಮೈಗೆ ಬನಿಯನ್ ಬಟ್ಟೆಯ ಹಾಗೆ ಹಿಗ್ಗುವ ಹೆಣಿಗೆ, ಇನ್ನೊಂದು ಮೈಗೆ ಷರ್ಟ್ ಬಟ್ಟೆಯ ಹಾಗೆ ಹಿಗ್ಗದ ನೇಯ್ಗೆ, ಎರಡನ್ನೂ ಸೇರಿಸಿ ಹೊಲಿದು ಗಾಳಿ ತುಂಬಿದರೆ ಹಿಗ್ಗುವ ಮೈ ಉದ್ದ ಆಗಿ, ಹಿಗ್ಗದ ಕಡೆಗೆ ಚೀಲ ಬಾಗುತ್ತದೆ. ಬೆರಳಿನ ಬೆನ್ನಿಗೆ ಕಟ್ಟಿದರೆ ಬೆರಳೂ ಬಾಗುತ್ತದೆ. ಗಾರ್ಮೆಂಟ್ಸ್ ಕೆಲಸಕ್ಕೆ ದಿನಾ ಬೆಳಿಗ್ಗೆ ಬಸ್ಸು ಹತ್ತುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಎರಡು ನಿಮಿಷದಲ್ಲಿ ಹೇಳಿಕೊಡಬಹುದು, ಅವರೇ ನಮಗೆ ಹೊಲಿಗೆಯ ಹತ್ತು ತಪ್ಪು ತೋರಿಸಿಕೊಡುತ್ತಾರೆ.

ಈ ಕೈಗವಸಿನ ವಿಷಯಕ್ಕೆ ನಾನು ಇಷ್ಟು ಅಂಟಿಕೊಂಡಿರುವುದಕ್ಕೆ ಕಾರಣ ನಮ್ಮಜ್ಜಿ. ಲಕ್ವ ಹೊಡೆದು ಬಲಗೈ ಮುಷ್ಟಿ ಕಟ್ಟಿಕೊಂಡುಬಿಟ್ಟಿತ್ತು. ಬೆರಳು ಬಿಡಿಸಿ ಮಡಚಿ, ಬಿಡಿಸಿ ಮಡಚಿ, ದಿನಕ್ಕೆ ನೂರಾರು ಸಲ ಮಾಡಿಸಬೇಕು ಅಂದಿದ್ದರು ಫಿಸಿಯೋಥೆರಪಿಯವರು. ಶುರುವಿನಲ್ಲಿ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ಮನೆಯಲ್ಲಿ ಅತ್ತೆ ಅಡುಗೆ, ಹಸು, ರೇಷ್ಮೆ ಹುಳುವಿನ ಸೊಪ್ಪು ಎಲ್ಲದರ ನಡುವೆ ಬಿಡುವು ಮಾಡಿಕೊಂಡು ಹತ್ತು ಸಲ, ಇಪ್ಪತ್ತು ಸಲ ಮಾಡಿಸುತ್ತಿದ್ದರು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಸೊಪ್ಪಿಗೆ ಮುಗಿಬೀಳುವ ಹೊತ್ತಿಗೆ, ಅದೂ ಆಗಲಿಲ್ಲ. ಅಜ್ಜಿ ಎಡಗೈಯಲ್ಲೇ ಬಲಗೈ ಬೆರಳನ್ನು ಒಂದೊಂದಾಗಿ ಬಿಡಿಸುತ್ತಾ ಜಗಲಿ ಮೇಲೆ ಕೂತಿರುತ್ತಿದ್ದರು, ಬಿಟ್ಟ ತಕ್ಷಣ ಬೆರಳು ಮತ್ತೆ ಮುದುರುತ್ತಿತ್ತು. ಅದೇ ಬೆರಳು ಬಿಡಿಸುವ, ಮಡಚುವ ಕೆಲಸವನ್ನು ಬೇಸರವಿಲ್ಲದೆ ಐನೂರು ಸಲ ಮಾಡಿಸುವ ಒಂದು ಬಟ್ಟೆಯ ಗವಸು ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಕೈ ಪೂರ್ತಿ ಸರಿಹೋಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಗಟ್ಟಿ ಕಬ್ಬಿಣದ ಯಂತ್ರಕ್ಕೆ ಆ ವಯಸ್ಸಿನ ಕೀಲು, ಆ ತೆಳುವಾದ ಚರ್ಮ ತಡೆಯುವುದಿಲ್ಲ. ಮೆತ್ತನೆಯದೇ ಬೇಕು. ಈ ಸಂಶೋಧನೆ ಬೇಕಾಗಿರುವುದು ಅದಕ್ಕೆ.

2023ರಲ್ಲಿ ಹಾರ್ವರ್ಡ್ ತಂಡದವರು ಆಸ್ಪತ್ರೆಯ ವೈದ್ಯರ ಜೊತೆ ಸೇರಿ ಎಎಲ್‌ಎಸ್ ಅನ್ನುವ ನರರೋಗ ಇರುವವರಿಗೆ ಕಂಕುಳಲ್ಲಿ ಉಬ್ಬುವ ಬಟ್ಟೆಯ ಚೀಲ ಇರುವ ಉಡುಪು ತೊಡಿಸಿ, ತೋಳು ಎತ್ತಲು ನೆರವಾಗುವುದನ್ನು ತೋರಿಸಿದರು. 2024ರಲ್ಲಿ ಅದೇ ಗುಂಪು ಪಾರ್ಕಿನ್ಸನ್ ಕಾಯಿಲೆ ಇದ್ದ 73 ವರ್ಷದ ಒಬ್ಬರಿಗೆ ಸೊಂಟ, ತೊಡೆಗೆ ಕಟ್ಟುವ ಉಡುಪು ಮಾಡಿತು. ನಡೆಯುತ್ತಾ ನಡೆಯುತ್ತಾ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುವ ತೊಂದರೆ ಅದನ್ನು ತೊಟ್ಟಾಗ ಹೋಯಿತು. ಇಲ್ಲಿ ಒಂದು ಮಾತು ಗಮನಿಸಬೇಕು. ಆ ಎರಡನೇ ಉಡುಪು ಬಟ್ಟೆಯದೇ ಆದರೂ ಎಳೆಯುವ ಕೆಲಸ ಮಾಡಿದ್ದು ಕೇಬಲ್ ಮತ್ತು ಮೋಟಾರು. ಅಂದರೆ ಎಲ್ಲಕ್ಕಿಂತ ಮುಂದಿರುವ ತಂಡ ಕೂಡ ನಂಬಿಕೆಯ ಕೆಲಸಕ್ಕೆ ಬಂದಾಗ ಇನ್ನೂ ಮೋಟಾರನ್ನೇ ಹಿಡಿದುಕೊಂಡಿದೆ. ಗಾಳಿಯ ಚೀಲಕ್ಕಾದರೆ ಪಂಪು ಬೇಕು, ಪಂಪು ಸದ್ದು ಮಾಡುತ್ತದೆ, ಭಾರ ಇರುತ್ತದೆ, ಸೊಂಟಕ್ಕೆ ಕಟ್ಟಿಕೊಂಡು ಓಡಾಡಬೇಕು. ಸ್ನಾಯು ಹಗುರ, ಸ್ನಾಯುಗೆ ಊಟ ಹಾಕುವ ಡಬ್ಬಿ ಭಾರ.

ಈ ಡಬ್ಬಿಯನ್ನು ಹೇಗೆ ಚಿಕ್ಕದು ಮಾಡುವುದು ಅನ್ನುವುದರ ಮೇಲೆ ಹಲವು ದಾರಿಗಳಲ್ಲಿ ಪ್ರಯತ್ನ ನಡೆದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ ಒಳಗೆ ದ್ರವ ಇರುವ ತೆಳ್ಳನೆಯ ಕೊಳವೆಗಳನ್ನೇ ನೂಲಿನಂತೆ ನೇಯ್ದು, ಹೆಣೆದು ಬಟ್ಟೆ ಮಾಡಿದರು. ಅಮೆರಿಕದ ಎಂಐಟಿಯವರು 2023ರಲ್ಲಿ ತೋರಿಸಿದ ಫೈಬರೋಬೋ ಅನ್ನುವ ಎಳೆ ಕಾವಿಗೆ ಕುಗ್ಗಿ, ಆರಿದಾಗ ಯಾರೂ ಎಳೆಯದೆ ತಾನೇ ಮೊದಲಿನ ಉದ್ದಕ್ಕೆ ಬರುತ್ತದೆ, ಮಾಮೂಲಿ ಮಗ್ಗ, ಹೆಣಿಗೆ ಮಿಷನ್ನಿನಲ್ಲೇ ಓಡುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಎಡ್ವಿನ್ ಯಾಗರ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಕೆಲಸ. ಅವರು ಸೆಲ್ಯುಲೋಸ್ ನೂಲಿಗೆ ಕರೆಂಟ್ ಹರಿಯುವ ಪಾಲಿಮರ್ ಬಳಿದರು. ಒಂದೊಂದು ನೂಲಿನ ಕುಗ್ಗುವಿಕೆ ತೀರಾ ಚಿಕ್ಕದು. ಆದರೆ ಅದನ್ನೇ ನೇಯ್ದಾಗ ಅಕ್ಕಪಕ್ಕದ ನೂಲುಗಳೆಲ್ಲ ಒಟ್ಟಿಗೆ ಎಳೆದು ಬಲ ಜಾಸ್ತಿಯಾಯಿತು. ಹೆಣೆದಾಗ ಚಲನೆ ಒಂಟಿ ನೂಲಿನ 53 ಪಟ್ಟು ತನಕ ಹೋಯಿತು. ನೂಲು ಅದೇ, ಬಳಿದದ್ದು ಅದೇ, ಬದಲಾಗಿದ್ದು ನೇಯ್ಗೆಯೋ ಹೆಣಿಗೆಯೋ ಅನ್ನುವುದು ಮಾತ್ರ. ಅದರ ಕೊರತೆಯೂ ಇದೆ. ದ್ರವದೊಳಗೆ ಮುಳುಗಿಸಿ ಇಡಬೇಕು, ತುಂಬಾ ನಿಧಾನ. ಆದರೂ ಪಾಠ ಸ್ಪಷ್ಟ ಇದೆ: ಬಲ ಬೇಕಾದರೆ ನೇಯಿ, ಹಿಗ್ಗು ಬೇಕಾದರೆ ಹೆಣಿ. ನೇಕಾರರಿಗೆ ಇದು ಪಾಠವೇ ಅಲ್ಲ, ದಿನನಿತ್ಯ.

ಇನ್ನು ನಮ್ಮ ಕಡೆಯ ಮಾತು. ಕೇಂದ್ರ ಸರ್ಕಾರ 2020ರಲ್ಲಿ ರಾಷ್ಟ್ರೀಯ ತಾಂತ್ರಿಕ ಜವಳಿ ಮಿಷನ್‌ಗೆ 1,480 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು. ಕೇಂದ್ರ ರೇಷ್ಮೆ ಮಂಡಳಿಯೂ ಅದರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯೂ ಬೆಂಗಳೂರಿನಲ್ಲೇ ಇವೆ, ಶಿಡ್ಲಘಟ್ಟದಿಂದ ಎರಡು ಗಂಟೆಯ ದಾರಿ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಎಲ್ಲಾ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕೊನೆ ವರ್ಷದ ಪ್ರಾಜೆಕ್ಟ್ ಅಂದರೆ ಆನ್‌ಲೈನಲ್ಲಿ ಕಿಟ್ ತರಿಸಿ ಜೋಡಿಸುವುದನ್ನೇ ಜಾಸ್ತಿ ನೋಡಿದ್ದೇನೆ. ಗಾಳದ ದಾರದ ಸ್ನಾಯುಗೆ ಬೇಕಾಗುವುದು ಒಂದು ರೋಲು ದಾರ, ಒಂದು ಡ್ರಿಲ್ಲು, ಭಾರಕ್ಕೆ ನೀರು ತುಂಬಿದ ಬಾಟಲಿ, ಒಂದು ಹೇರ್ ಡ್ರೈಯರ್. ಹುಡುಗರು ಹುರಿ ಶೆಡ್ಡಿಗೆ ಬಂದು ಒಂದು ವಾರ ಕೂತರೆ ಸಾಕು, ಪುಸ್ತಕದಲ್ಲಿ ಸಿಗದ್ದು ಸಿಗುತ್ತದೆ.

ಇದರಿಂದ ಗೂಡಿನ ರೇಟು ಏರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಕೈಗವಸಿಗೆ ಹಿಡಿಯುವ ನೂಲು ಕೆಲವು ಗ್ರಾಂ. ಅದರಲ್ಲೂ ಜಾಸ್ತಿ ಪಾಲು ನೈಲಾನ್, ಪಾಲಿಯೆಸ್ಟರ್ ಇರುತ್ತದೆ, ರೇಷ್ಮೆ ಅಲ್ಲ. ರೈತನಿಗೆ, ಗೂಡಿನಿಂದ ನೂಲು ಬಿಚ್ಚುವ ರೀಲರಿಗೆ ಅದರಿಂದ ಲಾಭ ಆಗುವಷ್ಟು ಮಾಲು ಹೋಗುವುದಿಲ್ಲ. ಬೆಲೆ ಬರುವುದಾದರೆ ಕೈಕಸುಬಿಗೆ ಬರಬೇಕು. ಮೀಟರಿಗೆ ಎಷ್ಟು ಸುತ್ತು, ಎಷ್ಟು ಬಿಗಿ, ಎಡವೋ ಬಲವೋ, ಎಷ್ಟು ಹೊತ್ತು ಆವಿ, ಯಾವ ಎಳೆ ಯಾವಾಗ ಕಡಿಯುತ್ತದೆ ಅನ್ನುವುದು ಬೆರಳ ತುದಿಯಲ್ಲಿ ಇರುವವರು ನಮ್ಮಲ್ಲಿದ್ದಾರೆ, ಅವರಿಗೆ ವಯಸ್ಸಾಗುತ್ತಿದೆ, ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾರೆ. ಲ್ಯಾಬಿನವರು ಎರಡು ವರ್ಷ ಹಾಳು ಮಾಡಿ ಕಂಡುಕೊಳ್ಳುವುದನ್ನು ಇವರು ನೋಡಿದ ತಕ್ಷಣ ಹೇಳುತ್ತಾರೆ. ಸುಮ್ನೆ ಹೊಗಳಲು ಈ ಮಾತು ಹೇಳುತ್ತಿಲ್ಲ, ನನ್ನ ಕಣ್ಣ ಮುಂದೆ ಆದದ್ದಿದು.

ಮನೆಯಲ್ಲಿ ನಾನೇ ಒಂದು ಮೀಟರ್ ಗಾಳದ ದಾರ ತೆಗೆದುಕೊಂಡೆ. ಮೇಲಿನ ತುದಿ ಡ್ರಿಲ್ಲಿಗೆ, ಕೆಳಗಿನ ತುದಿಗೆ ಒಂದು ಲೀಟರ್ ನೀರಿನ ಬಾಟಲಿ, ಬಾಟಲಿ ತಿರುಗದ ಹಾಗೆ ಎರಡು ಇಟ್ಟಿಗೆಯ ನಡುವೆ ಇಟ್ಟೆ. ಡ್ರಿಲ್ಲು ತಿರುಗಿದಂತೆಲ್ಲ ದಾರ ಮೋಟು ಆಗುತ್ತಾ ಬಂತು, ಒಂದು ಹಂತದಲ್ಲಿ ಟಕ್ ಅಂತ ಒಂದು ಸುರುಳಿ ಬಿತ್ತು, ಆಮೇಲೆ ಅದರ ಪಕ್ಕ ಇನ್ನೊಂದು, ಇನ್ನೊಂದು, ಮಣಿ ಪೋಣಿಸಿದ ಹಾಗೆ ಒಂದು ಗೇಣಿನಷ್ಟು ಸ್ಪ್ರಿಂಗ್ ಆಯಿತು. ಖುಷಿಯಿಂದ ಡ್ರಿಲ್ಲಿನಿಂದ ಬಿಚ್ಚಿದೆ. ಕೈಯಿಂದ ಜಾರಿ ಬುರ್ ಅಂತ ಪೂರ್ತಿ ಬಿಚ್ಚಿಕೊಂಡಿತು. ಮೂರು ಸಲ ಹೀಗೇ ಆಯಿತು.

ನಾಲ್ಕನೆಯದನ್ನು ಎರಡು ಮೊಳೆಗೆ ಕಟ್ಟಿದ ಹಲಗೆಯ ಸಮೇತ ಮಾವನ ಶೆಡ್ಡಿಗೆ ತೆಗೆದುಕೊಂಡು ಹೋದೆ. ಮಾವ ಕನ್ನಡಕ ಏರಿಸಿಕೊಂಡು ನೋಡಿದರು. ಬೆರಳಲ್ಲಿ ಒಂದು ಸಲ ಸವರಿದರು.

"ಆವಿ ಕೊಟ್ಟಿದ್ದೀಯಾ?"

ಇಲ್ಲ ಅಂದೆ.

"ಮತ್ತೆ ನಿಲ್ಲು ಅಂದ್ರೆ ಹೆಂಗೆ ನಿಲ್ತದೆ? ಕಟ್ಟಿದ್ದ ಹಾಗೇ ಆವಿಗೆ ಇಡು, ಆರೋ ತನಕ ಮುಟ್ಟಬೇಡ."

ಲ್ಯಾಬಿನ ಲೇಖನದಲ್ಲಿ ಅನೀಲಿಂಗ್, ಅಂದರೆ ಕಾವು ಕೊಟ್ಟು ಆಕಾರ ಕೂರಿಸುವುದು, ಅಂತ ಒಂದು ಸಾಲು ಇತ್ತು, ನಾನು ಓದಿ ದಾಟಿದ್ದೆ. ಹುರಿ ಆದ ಬಾಬಿನ್‌ಗಳಿಗೆ ಆವಿ ಕೊಟ್ಟು ಕೂರಿಸುವ ಜಾಗದಲ್ಲೇ ನನ್ನ ಹಲಗೆಯನ್ನೂ ಇಟ್ಟರು. ಆರಿದ ಮೇಲೆ ಬಿಚ್ಚಿದರೆ ಪೂರ್ತಿ ಅಲ್ಲದಿದ್ದರೂ ಸುರುಳಿ ಸುರುಳಿಯಾಗಿಯೇ ನಿಂತಿತು. ಬಾಟಲಿ ಕಟ್ಟಿ ನೇತು ಹಾಕಿ, ತುದಿ ತಿರುಗದ ಹಾಗೆ ಹಿಡಿದು, ಮೇಲಿನಿಂದ ಕುದಿಯುವ ನೀರು ಸುರಿದೆವು. ಬಾಟಲಿ ಮೆಲ್ಲಗೆ ಮೇಲೆ ಬಂತು, ಒಂದು ಬೆರಳಗಲ. ನೀರು ಆರಿದಂತೆ ಮತ್ತೆ ಕೆಳಗಿಳಿಯಿತು. ಮಾವ ಇನ್ನೊಂದು ಚೊಂಬು ನೀರು ತರಿಸಿ ತಾವೇ ಸುರಿದರು, ಮತ್ತೆ ನೋಡಿದರು.

"ಸುರುಳಿ ಒಂದಕ್ಕೊಂದು ಅಂಟಿಕೊಂಡು ಕೂತವೆ, ಸಂದು ಇಲ್ಲ, ಇನ್ನೆಲ್ಲಿ ಮೇಲೆ ಬರ್ತದೆ. ಹುರಿ ಹಾಕೋವಾಗ ಎಷ್ಟು ಭಾರ ಕಟ್ಟಿದ್ದೆ?"